ಗಾಜು ಊದೋದನ್ನ ನೋಡೋಕೆ ನಮ್ಮನ್ನ ಒಳಗೆ ಬಿಟ್ಟಿದ್ದು ಯಾರು?

ಇವತ್ತಿನ ಕಥೆ ಗಾಜಿನದು.

ಗಾಜು ಊದುವ ರೀಲ್ಸ್ ನಿಮ್ಮ ಫೋನಿಗೂ ಬಂದಿರುತ್ತೆ. ಉದ್ದನೆಯ ಲೋಹದ ಕೊಳವೆ, ಅದರ ತುದಿಯಲ್ಲಿ ಕೆಂಡದಂಥ ಉಂಡೆ. ಒಬ್ಬರು ಊದ್ತಾರೆ, ಉಂಡೆ ಉಬ್ಬುತ್ತೆ, 30 ಸೆಕೆಂಡಿನಲ್ಲಿ ಹೂದಾನಿ ರೆಡಿ. ನಾವು ಲೈಕ್ ಒತ್ತಿ ಮುಂದಕ್ಕೆ ಹೋಗ್ತೀವಿ. ಆದರೆ ಈ ದೃಶ್ಯ ನಮ್ಮ ಕಣ್ಣಿಗೆ ಬೀಳೋದಕ್ಕೆ ಸುಮಾರು 2,000 ವರ್ಷ ಬೇಕಾಯಿತು. ಕೆಲಸ ಹಳೆಯದು. ಅದನ್ನ ಯಾರು ಬೇಕಾದರೂ ನಿಂತು ನೋಡಬಹುದು ಅನ್ನೋದು ಹೊಸದು.

ಮೊದಲು ರೀಲ್ಸ್‌ನಲ್ಲಿ ಕತ್ತರಿಸಿ ಹಾಕಿದ ಭಾಗವನ್ನ ನೋಡೋಣ. ಅಮೆರಿಕದ ಹಲವು ಊರುಗಳಲ್ಲಿ ಸಮುದಾಯ ಕಲಾ ಸ್ಟುಡಿಯೋಗಳಿವೆ. ಊರಿನವರು ಬಂದು ಕಲಿಯಬಹುದು, ಬಾಡಿಗೆ ಕೊಟ್ಟು ಕುಲುಮೆ ಬಳಸಬಹುದು, ಸುಮ್ಮನೆ ಬೆಂಚಿನ ಮೇಲೆ ಕೂತು ನೋಡಲೂಬಹುದು. ಇಂಥಲ್ಲಿ ಒಂದು ಪ್ರದರ್ಶನ ಅಂದ್ರೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಕುಲುಮೆಯೊಳಗೆ ಸುಮಾರು 1,100 ಡಿಗ್ರಿ ಸೆಲ್ಸಿಯಸ್. ಮರಳು, ಸೋಡಾ, ಸುಣ್ಣ ಒಟ್ಟಿಗೆ ಕರಗಿ ಆಲೆಮನೆಯ ಕೊಪ್ಪರಿಗೆಯಲ್ಲಿನ ಪಾಕದ ಹಾಗೆ ಆಗಿರುತ್ತೆ. ಕೊಳವೆಯ ತುದಿಗೆ ಆ ಪಾಕವನ್ನ ಸುತ್ತಿಕೊಂಡು ಹೊರಗೆ ತೆಗೀತಾರೆ. ಅಲ್ಲಿಂದ ಮುಂದೆ ಕೊಳವೆಯನ್ನ ತಿರುಗಿಸುತ್ತಲೇ ಇರಬೇಕು. ಕೈ ನಿಂತರೆ ಗಾಜು ಜೋತು ಬೀಳುತ್ತೆ.

ಊದೋದು ಬಹಳ ಕಡಿಮೆ. ಬಲೂನಿನ ಹಾಗೆ ಕೆನ್ನೆ ಉಬ್ಬಿಸಿ ಊದಬೇಕು ಅಂತ ನಾವು ಅಂದುಕೊಂಡಿರ್ತೀವಿ. ಸಣ್ಣದೊಂದು ಉಸಿರು ಸಾಕು. ಉಳಿದದ್ದೆಲ್ಲ ತಿರುಗಿಸೋದು, ಮತ್ತೆ ಬಿಸಿ ಮಾಡೋದು, ಉದ್ದನೆಯ ಚಿಮಟದಲ್ಲಿ ಕತ್ತು ಕಿರಿದು ಮಾಡೋದು. ಆಕಾರ ತಿದ್ದೋದಕ್ಕೆ ನೀರಲ್ಲಿ ನೆನೆಸಿದ ನ್ಯೂಸ್‌ಪೇಪರನ್ನ ದಪ್ಪಗೆ ಮಡಚಿ ಅಂಗೈಯಲ್ಲಿ ಹಿಡಿದು, ಅದರ ಮೇಲೆ ಉರಿಯೋ ಗಾಜನ್ನ ಹೊರಳಿಸ್ತಾರೆ. ಹೌದು, ನ್ಯೂಸ್‌ಪೇಪರೇ. ಮುದ್ರಿತ ಪತ್ರಿಕೆಗೆ ಇನ್ನೂ ಒಂದು ಉಪಯೋಗ ಉಳಿದಿದೆ ಅನ್ನೋದು ನಮ್ಮಂಥ ಸುದ್ದಿಮನೆಯವರಿಗೆ ಸಮಾಧಾನದ ವಿಷಯ. ಕೊನೆಗೆ ಆ ಪಾತ್ರೆಯನ್ನ ಸುಮಾರು 500 ಡಿಗ್ರಿಯ ಇನ್ನೊಂದು ಒಲೆಯೊಳಗೆ ಇಟ್ಟು, ರಾತ್ರಿಯಿಡೀ ನಿಧಾನವಾಗಿ ಆರೋದಕ್ಕೆ ಬಿಡ್ತಾರೆ. ಬೇಗ ತಣ್ಣಗಾದರೆ ಒಡೆದು ಹೋಗುತ್ತೆ. ಅಂದ್ರೆ ನೋಡೋಕೆ ಬಂದವರು ಆರಿದ ಪಾತ್ರೆಯನ್ನ ನೋಡದೆಯೇ ಮನೆಗೆ ಹೋಗ್ತಾರೆ.

ಈಗ ಹಿಂದಕ್ಕೆ ಹೋಗೋಣ.

ಗಾಜು ಊದುವ ಮೊದಲೂ ಗಾಜು ಇತ್ತು. ಈಜಿಪ್ಟ್, ಮೆಸೊಪೊಟೇಮಿಯಾದಲ್ಲಿ ಮಣ್ಣಿನ ಅಚ್ಚಿನ ಸುತ್ತ ಬಿಸಿ ಗಾಜನ್ನ ಸುತ್ತಿ, ಆಮೇಲೆ ಒಳಗಿನ ಮಣ್ಣು ಕೆರೆದು ತೆಗೆದು ಸಣ್ಣ ಸಣ್ಣ ಸೀಸೆ ಮಾಡ್ತಿದ್ದರು. ಬಹಳ ನಿಧಾನದ ಕೆಲಸ, ಬಹಳ ದುಬಾರಿ ಸರಕು. ಕ್ರಿಸ್ತಪೂರ್ವ ಮೊದಲನೇ ಶತಮಾನದಲ್ಲಿ ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದಲ್ಲಿ, ಅಂದ್ರೆ ಇವತ್ತಿನ ಸಿರಿಯಾ, ಲೆಬನಾನ್, ಇಸ್ರೇಲ್, ಪ್ಯಾಲೆಸ್ತೀನ್ ಇರುವ ಕಡೆ, ಯಾರೋ ಗಾಜಿಗೆ ಉಸಿರು ತುಂಬಿದರು. ಅವರ ಹೆಸರು ಚರಿತ್ರೆಯಲ್ಲಿ ಇಲ್ಲ. ಜೆರುಸಲೇಮಿನ ಹಳೇ ಊರಿನ ಯಹೂದಿ ಬಡಾವಣೆಯಲ್ಲಿ ಉತ್ಖನನ ನಡೆದಾಗ ಆ ಕಾಲದ ಗಾಜಿನ ಕೆಲಸದವರು ಎಸೆದ ಕಸ ಸಿಕ್ಕಿತು. ಅದರಲ್ಲಿ ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಊದಿ ಉಬ್ಬಿಸಿದ ಗಾಜಿನ ನಳಿಗೆಗಳಿದ್ದವು. ಕಬ್ಬಿಣದ ಕೊಳವೆ ಬರೋಕೂ ಮುಂಚಿನ ಪ್ರಯೋಗ ಅದು. ಮಹಾ ಸಂಶೋಧನೆಯೊಂದರ ಹಳೆಯ ಸಾಕ್ಷಿ ಕಸದಲ್ಲಿ ಸಿಗೋದು ನನಗಂತೂ ಇಷ್ಟವಾದ ವಿಷಯ.

ರೋಮನ್ ಸಾಮ್ರಾಜ್ಯದಲ್ಲಿ ಇದು ಬೆಂಕಿಯ ಹಾಗೆ ಹರಡಿತು. ರಾಜರ ಮನೆಯ ವಸ್ತು ಅಡುಗೆಮನೆಗೆ ಬಂತು. ರೋಮಿನಲ್ಲಿ ಗಾಜಿನ ಲೋಟ ಒಂದು ತಾಮ್ರದ ಕಾಸಿಗೆ ಸಿಗುತ್ತೆ ಅಂತ ಭೂಗೋಳ ಬರೆದ ಸ್ಟ್ರಾಬೋ ಹೇಳಿದ್ದಾನೆ. ಅದೇ ಕಾಲದ ಇನ್ನೊಂದು ಕಥೆ ಇದೆ. ಒಬ್ಬ ಕುಶಲಕರ್ಮಿ ಒಡೆಯದ ಗಾಜು ಕಂಡುಹಿಡಿದ, ಅದು ಹೊರಗೆ ಬಂದರೆ ಚಿನ್ನ ಬೆಳ್ಳಿಯ ಬೆಲೆ ಬಿದ್ದುಹೋಗುತ್ತೆ ಅಂತ ಅದನ್ನ ಹುಟ್ಟಡಗಿಸಿದರು ಅಂತ. ಚಕ್ರವರ್ತಿ ಆ ಮನುಷ್ಯನ ತಲೆಯನ್ನೇ ತೆಗೆಸಿದ ಅಂತ ಕೆಲವರು ಸೇರಿಸ್ತಾರೆ. ಪ್ಲಿನಿ ಈ ಕಥೆಯನ್ನ ಬರೆದು, ಇದು ಜನ ಹೇಳಿದಷ್ಟು ಖಚಿತವಲ್ಲ ಅಂತ ತಾನೇ ಎಚ್ಚರಿಸಿದ್ದಾನೆ. ಕಥೆ ಸುಳ್ಳೇ ಇರಬಹುದು. ಆದರೆ ಅದರ ಒಳಗಿನ ಭಯ ಸುಳ್ಳಲ್ಲ. ಕೈಯಲ್ಲಿರೋ ಗುಟ್ಟು ಹಣವಾಗುತ್ತೆ, ಗುಟ್ಟು ಇಟ್ಟುಕೊಂಡವನ ಪ್ರಾಣವೂ ಅದರ ಜೊತೆ ಅಡವಿಗೆ ಹೋಗುತ್ತೆ.

ಈ ಭಯವನ್ನ ಕಾನೂನು ಮಾಡಿದ ಊರು ವೆನಿಸ್. 1291ರಲ್ಲಿ ವೆನಿಸ್ ಸರ್ಕಾರ ಗಾಜಿನ ಕುಲುಮೆಗಳನ್ನೆಲ್ಲ ಪಕ್ಕದ ಮುರಾನೋ ದ್ವೀಪಕ್ಕೆ ಕಳಿಸಿತು. ಮರದ ಮನೆಗಳ ಊರಿಗೆ ಬೆಂಕಿ ಬೀಳಬಾರದು ಅನ್ನೋದು ಕಾರಣ. ಆದರೆ ಸುತ್ತ ನೀರಿರೋ ದ್ವೀಪದಲ್ಲಿ ಕಾವಲು ಸುಲಭ ಅಲ್ವಾ? ಕೆಲಸ ಗೊತ್ತಿದ್ದವರು ಅನುಮತಿ ಇಲ್ಲದೆ ದೇಶ ಬಿಡೋ ಹಾಗಿಲ್ಲ, ಬಿಟ್ಟರೆ ಶಿಕ್ಷೆ. ಹಾಗಂತ ಅವರನ್ನ ಬರೀ ಕೈದಿಗಳು ಅನ್ನೋಕೂ ಆಗಲ್ಲ. ಮರ್ಯಾದೆ ಬಹಳ ಇತ್ತು. ಗಾಜಿನ ಮೇಸ್ತ್ರಿಯ ಮಗಳು ವೆನಿಸ್ಸಿನ ಶ್ರೀಮಂತ ಮನೆತನಕ್ಕೆ ಸೊಸೆಯಾಗಿ ಹೋದರೂ ಆ ಮನೆತನದ ಅಂತಸ್ತು ಕಳೆದುಹೋಗ್ತಿರಲಿಲ್ಲ. ಬೇರೆ ಕಸುಬುದಾರರಿಗೆ ಈ ಭಾಗ್ಯ ಇರಲಿಲ್ಲ. ಮರ್ಯಾದೆ ಕೊಟ್ಟು ಕಟ್ಟಿಹಾಕಿದರು ಅನ್ನೋದೇ ಸರಿ.

ಗುಟ್ಟು ಹೊರಗೆ ಹೋಗದೇ ಇರುತ್ತಾ? ಫ್ರಾನ್ಸಿನ ದೊರೆ 14ನೇ ಲೂಯಿಯ ಮಂತ್ರಿ ಕೋಲ್ಬೇರ್ 1665ರ ಹೊತ್ತಿಗೆ ಮುರಾನೋದ ಕನ್ನಡಿ ಕೆಲಸಗಾರರನ್ನ ಹಣದ ಆಸೆ ತೋರಿಸಿ ಪ್ಯಾರಿಸ್ಸಿಗೆ ಕರೆಸಿಕೊಂಡ. ವೆನಿಸ್ಸಿನ ರಾಯಭಾರಿ ಅವರನ್ನ ವಾಪಸ್ ಕರೆಸೋಕೆ ಬೆದರಿಕೆ, ಆಮಿಷ ಎಲ್ಲ ಪ್ರಯೋಗಿಸಿದ. ಅಷ್ಟರಲ್ಲಿ ಕೆಲವರು ಪ್ಯಾರಿಸ್ಸಿನಲ್ಲೇ ಸತ್ತರು, ವಿಷ ಹಾಕಿದರು ಅನ್ನೋ ಗುಮಾನಿ ಎದ್ದಿತು. ಉಳಿದವರು ಕೊನೆಗೆ ಊರಿಗೆ ಮರಳಿದರು. ಆದರೆ ಫ್ರೆಂಚರು ಅಷ್ಟರಲ್ಲಿ ನೋಡಬೇಕಾದ್ದನ್ನ ನೋಡಿಯಾಗಿತ್ತು. ವರ್ಸೇಲ್ಸ್ ಅರಮನೆಯ ಕನ್ನಡಿ ಹಜಾರದಲ್ಲಿ 357 ಕನ್ನಡಿಗಳಿವೆ. ಪ್ರವಾಸಿಗರು ಅದರ ಮುಂದೆ ಸೆಲ್ಫಿ ತಗೋತಾರೆ. ಕದ್ದ ನೋಟದ ಫಲ ಅದು.

ನೋಡೋದು ಯಾವಾಗಲೂ ಮುಗ್ಧ ಕೆಲಸ ಅಲ್ಲ. ನಮ್ಮ ಕಡೆಯದೇ ಒಂದು ಉದಾಹರಣೆ ಕೊಡ್ತೀನಿ. 1799ರಲ್ಲಿ ಟಿಪ್ಪು ಸತ್ತ ಮೇಲೆ, ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನ ಈ ಸೀಮೆಯಲ್ಲಿ ಏನೇನು ಬೆಳೆಯುತ್ತೆ, ಏನೇನು ತಯಾರಾಗುತ್ತೆ ಅಂತ ನೋಡಿಕೊಂಡು ಬಾ ಅಂತ ಕಳಿಸಿತು. 1800–01ರ ಆ ಪ್ರವಾಸದಲ್ಲಿ ಅವನು ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿಗೆ ಬಂದ. ಅಲ್ಲಿ ಬಳೆಗೆ ಬೇಕಾದ ಗಾಜು ತಯಾರಾಗ್ತಿತ್ತು. ಕುಲುಮೆ ಹೇಗಿದೆ, ಗಾಜಿಗೆ ಏನೇನು ಹಾಕ್ತಾರೆ, ಬಣ್ಣ ಹೇಗೆ ಬರುತ್ತೆ, ಎಲ್ಲ ಬರೆದುಕೊಂಡ. ಇದು ಊದುವ ಗಾಜಲ್ಲ, ಬಳೆಯ ಗಾಜು, ಕೆಲಸ ಬೇರೆ. ಆದರೂ ಅವತ್ತು ಆ ಕುಲುಮೆಯ ಮುಂದೆ ನಿಂತು ನೋಡಿದವನು ಕಂಪನಿಯ ಲೆಕ್ಕಕ್ಕಾಗಿ ನೋಡಿದ. ಇವತ್ತು ಮತ್ತೋಡಿನ ಆ ಕೆಲಸದ ಬಗ್ಗೆ ತಿಳಿಯೋಕೆ ನಾವೂ ಅವನ ಪುಸ್ತಕವನ್ನೇ ತೆರೆಯಬೇಕು. ಬಳೆಗಾರರ ಕಡೆಯಿಂದ ಅಂಥ ಬರಹ ಉಳಿದಿಲ್ಲ.

ಈಗ ಅಮೆರಿಕಕ್ಕೆ ಹಾರೋಣ, ಯಾಕಂದ್ರೆ ಬಾಗಿಲು ತೆರೆದದ್ದು ಅಲ್ಲಿ. ಅದರಲ್ಲೂ ಒಂದೇ ಊರಲ್ಲಿ: ಓಹಾಯೋ ರಾಜ್ಯದ ಟೊಲೀಡೊ. 1888ರಲ್ಲಿ ಎಡ್ವರ್ಡ್ ಲಿಬ್ಬಿ ಅನ್ನೋ ಮಾಲೀಕ ತನ್ನ ಗಾಜಿನ ಕಾರ್ಖಾನೆಯನ್ನ ಮ್ಯಾಸಚೂಸೆಟ್ಸ್‌ನಿಂದ ಇಲ್ಲಿಗೆ ತಂದ. ಇಲ್ಲಿ ನೈಸರ್ಗಿಕ ಅನಿಲ ಅಗ್ಗ. ಐದು ವರ್ಷ ಆದ ಮೇಲೆ, 1893ರ ಷಿಕಾಗೋ ವಿಶ್ವ ಮೇಳದಲ್ಲಿ ಅವನು ಒಂದು ಇಡೀ ಗಾಜಿನ ಕಾರ್ಖಾನೆಯನ್ನೇ ಕಟ್ಟಿ, ಜನ ಟಿಕೆಟ್ ತಗೊಂಡು ಬಂದು ನೋಡೋ ಹಾಗೆ ಮಾಡಿದ. ಅದೇ ವರ್ಷ, ಅದೇ ಮೇಳದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲೇ ವಿವೇಕಾನಂದರು ಮಾತಾಡಿದ್ದು. ಜನ ಮುಗಿಬಿದ್ದು ನೋಡಿದರು. ಇದು ಗುಟ್ಟು ಬಿಚ್ಚಿಡೋ ಉದಾರತೆ ಅಲ್ಲ, ಜಾಹೀರಾತು. ಆದರೂ ಗಾಜಿನ ಕೆಲಸ ವೇದಿಕೆ ಹತ್ತಿದ್ದು ಒಂದು ದೊಡ್ಡ ತಿರುವು.

ಮೇಳದಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದ ಕಾಲದಲ್ಲೇ ಮಾಮೂಲಿ ಕಾರ್ಖಾನೆಗಳಲ್ಲಿ ಏನಾಗ್ತಿತ್ತು ಅನ್ನೋದಕ್ಕೆ ಲೂಯಿಸ್ ಹೈನ್ ತೆಗೆದ ಫೋಟೋಗಳಿವೆ. ರಾಷ್ಟ್ರೀಯ ಬಾಲ ಕಾರ್ಮಿಕ ಸಮಿತಿಯ ಪರವಾಗಿ 1908ರಿಂದಾಚೆಗೆ ಅವನು ಗಾಜಿನ ಕಾರ್ಖಾನೆಗಳಿಗೆ ಹೋಗಿ, ರಾತ್ರಿ ಪಾಳಿಯಲ್ಲಿ ದುಡಿಯುವ ಹುಡುಗರ ಚಿತ್ರ ತೆಗೆದ. ಊದುವವನು ಎತ್ತರದಲ್ಲಿ ನಿಂತಿರ್ತಾನೆ. ಅವನ ಕಾಲ ಬುಡದಲ್ಲಿ ಹುಡುಗನೊಬ್ಬ ಕುಕ್ಕರುಗಾಲಲ್ಲಿ ಕೂತು ಅಚ್ಚನ್ನ ತೆರೆದು ಮುಚ್ಚಿ ಮಾಡ್ತಿರ್ತಾನೆ. ಇನ್ನೊಬ್ಬ ಹುಡುಗ ಬಿಸಿ ಬಾಟಲಿ ಹೊತ್ತು ಓಡ್ತಿರ್ತಾನೆ. ಈ ನೋಟಕ್ಕೆ ಟಿಕೆಟ್ ಇರಲಿಲ್ಲ. ಮಾಲೀಕರು ಕ್ಯಾಮೆರಾ ಒಳಗೆ ಬಿಡದಿದ್ದಾಗ ಹೈನ್ ಬೇರೆ ಬೇರೆ ನೆಪ ಹೇಳಿ ಒಳಗೆ ನುಗ್ಗುತ್ತಿದ್ದ.

ಇಂಥದೇ ಹುಡುಗನಾಗಿದ್ದವನು ಮೈಕೆಲ್ ಓವೆನ್ಸ್. 10ನೇ ವಯಸ್ಸಿಗೇ ಗಾಜಿನ ಕಾರ್ಖಾನೆ ಸೇರಿದವನು, ಆಮೇಲೆ ಊದುಗಾರ, ಆಮೇಲೆ ಲಿಬ್ಬಿಯ ಬಲಗೈ. 1903ರ ಹೊತ್ತಿಗೆ ಅವನು ಟೊಲೀಡೊದಲ್ಲಿ ಬಾಟಲಿಯನ್ನ ಪೂರ್ತಿ ತಾನೇ ಮಾಡೋ ಯಂತ್ರ ತಂದ. ಕರಗಿದ ಗಾಜನ್ನ ಯಂತ್ರವೇ ಹೀರಿಕೊಂಡು, ಯಂತ್ರವೇ ಊದುತ್ತೆ. ಅಚ್ಚು ಹಿಡಿಯೋ ಹುಡುಗ ಬೇಡ. ಅದು ಒಳ್ಳೆಯದೇ. ಆದರೆ ಊದುವ ಅಪ್ಪನೂ ಬೇಡ. ವರ್ಷಗಟ್ಟಲೆ ಕಲಿತ ಕೈಗಳಿಗೆ ಒಂದು ತಲೆಮಾರಿನಲ್ಲಿ ಬೆಲೆ ಹೋಯಿತು. ಬಾಟಲಿ, ಬಲ್ಬು, ಲೋಟ ಎಲ್ಲ ಯಂತ್ರದ ಪಾಲಾದವು. ಬಾಯಿಂದ ಊದೋದು ದುಬಾರಿ ಸಾಮಾನು ಮಾಡೋ ಕೆಲವೇ ಕಾರ್ಖಾನೆಗಳಲ್ಲಿ ಉಳಿಯಿತು.

ಇಲ್ಲಿ ನನಗೆ ತೋಚೋದನ್ನ ಹೇಳ್ತೀನಿ. ನಮಗೆ ಇವತ್ತು ಗಾಜಿನ ಕೆಲಸ ನೋಡೋಕೆ ಸಿಗ್ತಿರೋದಕ್ಕೆ ಯಾರದೋ ದೊಡ್ಡ ಮನಸ್ಸು ಒಂದೇ ಕಾರಣ ಅಲ್ಲ. ಆ ಗುಟ್ಟು ಹಣ ತರೋದು ನಿಂತ ಮೇಲೆ ಬಾಗಿಲು ಕಾಯೋರು ಯಾರೂ ಇರಲಿಲ್ಲ.

1962ರ ಮಾರ್ಚ್. ಅದೇ ಟೊಲೀಡೊ. ಲಿಬ್ಬಿಯೇ ಸ್ಥಾಪಿಸಿದ ಟೊಲೀಡೊ ಕಲಾ ವಸ್ತುಸಂಗ್ರಹಾಲಯದ ಆವರಣದಲ್ಲಿ ಒಂದು ಗ್ಯಾರೇಜು. ಒಂದು ವಾರದ ಶಿಬಿರ. ನಡೆಸ್ತಿದ್ದವರು ಹಾರ್ವಿ ಲಿಟಲ್‌ಟನ್, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮೇಷ್ಟ್ರು, ಮಡಕೆ ಕಲೆ ಕಲಿಸೋರು. ಹುಟ್ಟಿದ್ದು ಕಾರ್ನಿಂಗ್ ಅನ್ನೋ ಗಾಜಿನ ಊರಲ್ಲಿ. ಅವರ ತಂದೆ ಅಲ್ಲಿನ ಗಾಜಿನ ಕಂಪನಿಯ ಭೌತವಿಜ್ಞಾನಿ. ಆ ತಂದೆ ಬ್ಯಾಟರಿಯ ಗಾಜಿನ ಡಬ್ಬಿ ಕೊಯ್ದು ಮನೆಗೆ ತಂದರು, ತಾಯಿ ಅದರಲ್ಲಿ ಕೇಕ್ ಬೇಯಿಸಿದರು, ಅಲ್ಲಿಂದ ಪೈರೆಕ್ಸ್ ಪಾತ್ರೆಯ ದಾರಿ ಶುರುವಾಯಿತು. ಅದೊಂದು ಬೇರೆ ಎಪಿಸೋಡ್ ಆಗುತ್ತೆ, ಬಿಡಿ.

ಲಿಟಲ್‌ಟನ್ ತಲೆಯಲ್ಲಿದ್ದ ಪ್ರಶ್ನೆ ಸರಳ. ಕುಂಬಾರ ಒಬ್ಬನೇ ಕೂತು ಮಡಕೆ ಮಾಡಬಹುದಾದರೆ, ಗಾಜಿಗೆ ಯಾಕೆ ದೊಡ್ಡ ಕಾರ್ಖಾನೆಯೇ ಬೇಕು? ಆಗಿನ ನಂಬಿಕೆ ಅದು ಆಗಲ್ಲ ಅಂತ. ಆದರೆ 1950ರ ದಶಕದ ಕೊನೆಗೆ ಅವರು ಮುರಾನೋಗೆ ಹೋಗಿದ್ದಾಗ, ಪ್ರವಾಸಿಗರಿಗೆ ತೋರಿಸೋಕೆ ಅಂತ ಇಟ್ಟಿದ್ದ ಪುಟ್ಟ ಕುಲುಮೆಗಳನ್ನ ನೋಡಿದ್ದರು. ಬೇರೆಯವರು ಅಲ್ಲಿ ಹೂದಾನಿ ನೋಡಿದರು, ಇವರು ಕುಲುಮೆಯ ಗಾತ್ರ ನೋಡಿದರು. ಇಷ್ಟು ಚಿಕ್ಕದರಲ್ಲೂ ಆಗುತ್ತೆ ಅನ್ನೋದು ಅಲ್ಲಿ ಕಂಡಿತ್ತು. ನಾಲ್ಕು ದುಡ್ಡು ಸಂಪಾದಿಸೋಕೆ ಮುರಾನೋದವರು ಇಟ್ಟ ಪ್ರದರ್ಶನವೇ ಅವರ ಏಕಸ್ವಾಮ್ಯಕ್ಕೆ ಕಿಂಡಿ ಕೊರೆಯಿತು.

ಗ್ಯಾರೇಜಿನಲ್ಲಿ ಸೇರಿದ್ದವರು ಬೆರಳೆಣಿಕೆಯ ಜನ, ಹೆಚ್ಚಿನವರು ಮಡಕೆ ಮಾಡೋರು. ಶುರುವಾತೇ ಕೆಟ್ಟಿತು. ಗಾಜು ಕರಗಿಸೋ ಮೂಸೆ ಒಡೆದುಹೋಯಿತು. ಆಗ ಕೈ ಹಿಡಿದವರು ಡೊಮಿನಿಕ್ ಲಬೀನೊ, ಅದೇ ಊರಿನ ಗಾಜಿನ ನಾರಿನ ಕಂಪನಿಯ ಸಂಶೋಧನಾ ಮುಖ್ಯಸ್ಥ. ಮೂಸೆ ಬಿಡಿ, ಕುಲುಮೆಯ ತೊಟ್ಟಿಯಲ್ಲೇ ಕರಗಿಸಿ ಅಂದರು. ಮರಳು ಸೋಡಾ ಬೆರೆಸೋ ಬದಲು ತಮ್ಮ ಕಂಪನಿಯ ಗಾಜಿನ ಗೋಲಿಗಳನ್ನ ಕೊಟ್ಟರು. ನಾವು ಆಡ್ತಿದ್ದ ಗೋಲಿಯ ಥರದ್ದೇ, ನಾರು ಮಾಡೋಕೆ ಅಂತ ತಯಾರಾದವು. ಸುಲಭವಾಗಿ ಕರಗಿದವು. ಈಗ ಪಾಕ ಇದೆ, ಕೊಳವೆ ಇದೆ, ಊದೋದು ಹೇಗೆ ಅಂತ ಸರಿಯಾಗಿ ಗೊತ್ತಿರೋರು ಇಲ್ಲ.

ಆಗ ಬಂದವರು ಹಾರ್ವಿ ಲೀಫ್‌ಗ್ರೀನ್, ಲಿಬ್ಬಿ ಕಂಪನಿಯಿಂದ ನಿವೃತ್ತರಾಗಿದ್ದ ಊದುಗಾರ. ಕೊಳವೆ ಕೈಗೆ ತಗೊಂಡು ಮಾಡಿ ತೋರಿಸಿದರು. ಮೇಷ್ಟ್ರು, ಕಲಾವಿದರು ಎಲ್ಲ ಸುತ್ತ ನಿಂತು ನೋಡಿದರು. ಸ್ಟುಡಿಯೋ ಗಾಜಿನ ಚಳವಳಿ ಅಂತ ಇವತ್ತು ಪುಸ್ತಕಗಳಲ್ಲಿ ಬರೆಯೋದು ಈ ಗ್ಯಾರೇಜಿನ ಕಥೆಯನ್ನೇ. ಅಲ್ಲಿ ಲಿಟಲ್‌ಟನ್ ಹೆಸರು ದೊಡ್ಡದು, ಲೀಫ್‌ಗ್ರೀನ್ ಹೆಸರು ಒಂದು ಸಾಲು. ನನ್ನ ಲೆಕ್ಕದಲ್ಲಿ ಆ ವಾರದ ನಿಜವಾದ ಪ್ರದರ್ಶನ ಅವರದೇ. ಯಾವ ಊರಿನ ಯಂತ್ರ ಊದುಗಾರರ ಕಸುಬಿಗೆ ಕುತ್ತು ತಂದಿತ್ತೋ, ಅದೇ ಊರಿನ ಊದುಗಾರರೊಬ್ಬರು ಕಾರ್ಖಾನೆಯ ಹೊರಗಿನವರಿಗೆ ತಮ್ಮ ಕಸುಬು ಕಲಿಸಿಕೊಟ್ಟರು.

ಮುಂದಿನದು ವೇಗವಾಗಿ ನಡೆಯಿತು. ಲಿಟಲ್‌ಟನ್ ವಿಸ್ಕಾನ್ಸಿನ್‌ನಲ್ಲಿ ಗಾಜಿನ ಕೋರ್ಸ್ ಶುರು ಮಾಡಿದರು, ಶಿಷ್ಯರು ಬೇರೆ ಬೇರೆ ಕಾಲೇಜುಗಳಿಗೆ ಹೋಗಿ ಕುಲುಮೆ ಕಟ್ಟಿದರು. ಅವರಲ್ಲಿ ಒಬ್ಬ ಡೇಲ್ ಚಿಹೂಲಿ. 1971ರಲ್ಲಿ ವಾಷಿಂಗ್ಟನ್ ರಾಜ್ಯದ ಕಾಡಿನ ಪಕ್ಕ ಪಿಲ್ಚಕ್ ಅನ್ನೋ ಬೇಸಿಗೆ ಶಾಲೆ ಹುಟ್ಟುಹಾಕಿದವರಲ್ಲಿ ಇವರು ಮುಖ್ಯರು. 1977ರಲ್ಲಿ ನ್ಯೂಯಾರ್ಕಿನಲ್ಲಿ ಕಲಾವಿದರೆಲ್ಲ ಸೇರಿ ಹಂಚಿಕೊಂಡು ಬಳಸೋ ಗಾಜಿನ ಕಾರ್ಯಾಗಾರ ಶುರುವಾಯಿತು. ಇವತ್ತಿನ ಸಮುದಾಯ ಸ್ಟುಡಿಯೋಗಳ ಹಿರಿಯಕ್ಕ ಅದು.

ಒಂದು ಕೊರತೆ ಮಾತ್ರ ಇತ್ತು. ಈ ಹೊಸಬರಿಗೆ ಉತ್ಸಾಹ ಬೇಕಾದಷ್ಟು, ಕೈ ಮಾತ್ರ ಹದವಾಗಿರಲಿಲ್ಲ. ಮೊದಲ ವರ್ಷಗಳ ಪಾತ್ರೆಗಳು ಸೊಟ್ಟಪಟ್ಟ. ಕೌಶಲ ದೊಡ್ಡ ವಿಷಯ ಅಲ್ಲ, ಕಲ್ಪನೆ ಮುಖ್ಯ ಅನ್ನೋದು ಲಿಟಲ್‌ಟನ್ ವಾದ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ರಾಗ ಬಾರದೆ ಮನೋಧರ್ಮ ಹಾಡೋಕೆ ಹೊರಟ ಹಾಗೆ ಅದು.

ಆ ಕೊರತೆ ತುಂಬಿದ್ದು ಯಾರು ಗೊತ್ತಾ? ಮುರಾನೋದವರೇ. 1979ರಲ್ಲಿ ಲೀನೋ ತಾಲ್ಯಾಪಿಯೆತ್ರ ಅನ್ನೋ ಮೇಸ್ತ್ರಿ ಪಿಲ್ಚಕ್‌ಗೆ ಬಂದು ಕಲಿಸಿದರು. ಹಿಂದಿನ ವರ್ಷವೇ ಅವರ ಭಾವ ಕೆಕ್ಕೋ ಓಂಗಾರೋ ಬಂದು ಹೋಗಿದ್ದರು. ಲೀನೋ ಬಾಲ್ಯದಲ್ಲೇ ಕುಲುಮೆ ಸೇರಿ, 21ನೇ ವಯಸ್ಸಿಗೆ ಮೇಸ್ತ್ರಿ ಅನ್ನಿಸಿಕೊಂಡವರು. ಅವರ ಊರಲ್ಲಿ ಇದು ದ್ರೋಹ ಅಂತ ಬೈದವರಿದ್ದರು. 14ನೇ ಲೂಯಿಯ ಕಾಲದ ಸಿಟ್ಟು ಪೂರ್ತಿ ಆರಿರಲಿಲ್ಲ. ಆ ಸಿಟ್ಟಿಗೆ ಕಾರಣವೂ ಇತ್ತು. ಆ ದ್ವೀಪದ ಮನೆಗಳು ನಡೆಯುತ್ತಿದ್ದದ್ದೇ ಈ ಕೆಲಸದ ಮೇಲೆ. ಅದನ್ನ ಪುಕ್ಕಟೆ ಹಂಚಿದರೆ ಮಕ್ಕಳು ಏನು ತಿನ್ನಬೇಕು ಅಂತ ಕೇಳಿದವರನ್ನ ಸಣ್ಣ ಮನಸ್ಸಿನವರು ಅಂತ ತಳ್ಳಿಹಾಕೋಕೆ ಆಗಲ್ಲ. ಲೀನೋ ಮಾತ್ರ ಕಲಿಸೋದನ್ನ ನಿಲ್ಲಿಸಲಿಲ್ಲ, ದಶಕಗಳ ಕಾಲ ಬಂದು ಹೋಗಿ ಮಾಡಿದರು. ಅಮೆರಿಕದ ಗಾಜಿನ ಕೈಗೆ ಹದ ಬಂತು.

ಇದರ ಫಲ ಯಾರ್ಯಾರ ಕೈ ಸೇರಿತು ನೋಡಿ. 1994ರಲ್ಲಿ ಟಕೋಮಾ ಊರಿನಲ್ಲಿ ಹಿಲ್‌ಟಾಪ್ ಆರ್ಟಿಸ್ಟ್ಸ್ ಅನ್ನೋ ಸಂಸ್ಥೆ ಶುರುವಾಯಿತು, ಚಿಹೂಲಿ ಅದರ ಸ್ಥಾಪಕರಲ್ಲಿ ಒಬ್ಬರು. ಕಷ್ಟದ ಹಿನ್ನೆಲೆಯ ಹುಡುಗ ಹುಡುಗಿಯರಿಗೆ ಶಾಲೆಯಲ್ಲೇ ಪುಕ್ಕಟೆ ಗಾಜಿನ ಕೆಲಸ ಕಲಿಸ್ತಾರೆ. ಹೈನ್ ಫೋಟೋದ ಹುಡುಗರ ವಯಸ್ಸಿನವರೇ, ಆದರೆ ಇವರು ಕೊಳವೆ ಹಿಡಿದು ನಿಂತಿರ್ತಾರೆ. ಹುಡುಗಿಯರೂ ಇರ್ತಾರೆ ಅನ್ನೋದನ್ನ ಒತ್ತಿ ಹೇಳಬೇಕು. ಹಳೇ ಮುರಾನೋದಲ್ಲಿ ಕುಲುಮೆ ಗಂಡಸರದ್ದು, ವೆನಿಸ್ಸಿನ ಹೆಂಗಸರ ಪಾಲಿಗೆ ಬಂದದ್ದು ಗಾಜಿನ ಮಣಿ ಪೋಣಿಸೋ ಕೆಲಸ.

ಟೊಲೀಡೊದಲ್ಲೂ 2006ರಲ್ಲಿ ವಸ್ತುಸಂಗ್ರಹಾಲಯದವರು ಗಾಜಿನದೇ ಒಂದು ಕಟ್ಟಡ ತೆರೆದರು. ಗೋಡೆಗಳೆಲ್ಲ ಗಾಜು, ಒಳಗೆ ಕುಲುಮೆ. ಕೂತು ನೋಡೋಕೆ ಟಿಕೆಟ್ ಇಲ್ಲ. ಆದರೆ ಗಾಜಿನ ನಗರ ಅಂತಲೇ ಹೆಸರಾದ ಊರಿನ ಆ ಕಟ್ಟಡಕ್ಕೆ ಬಾಗಿಸಿದ ಗಾಜು ಬಂದದ್ದು ಚೀನಾದಿಂದ. ಕೈ ಕೆಲಸ ಯಂತ್ರಕ್ಕೆ ಹೋಯಿತು, ಯಂತ್ರದ ಕೆಲಸ ಇನ್ನೊಂದು ದೇಶಕ್ಕೆ ಹೋಯಿತು, ಊರಿಗೆ ಉಳಿದದ್ದು ಪ್ರದರ್ಶನ.

ನಮ್ಮ ದೇಶದಲ್ಲಿ ಇದು ಇನ್ನೂ ತಿರುಗುಮುರುಗು. ಆಗ್ರಾ ಪಕ್ಕದ ಫಿರೋಜಾಬಾದಿನಲ್ಲಿ ಸಾವಿರಾರು ಜನ ಇವತ್ತಿಗೂ ಕುಲುಮೆಯ ಮುಂದೆ ನಿಂತು ಬಳೆ, ದೀಪದ ಗಾಜು, ಲೋಟ ಮಾಡ್ತಾರೆ. 1996ರಲ್ಲಿ ತಾಜ್‌ಮಹಲ್ ಉಳಿಸೋ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆ ಭಾಗದ ಕಾರ್ಖಾನೆಗಳಿಗೆ ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಹೋಗಿ, ಇಲ್ಲವೇ ಜಾಗ ಬದಲಿಸಿ ಅಂತ ಆದೇಶ ಕೊಟ್ಟಾಗ ಆ ಊರು ಸುದ್ದಿಯಾಯಿತು. ಅಮೃತಶಿಲೆಗೆ ಹೊಗೆ ತಾಗ್ತಿದೆ ಅಂತ. ಅದೇ ಹೊಗೆಯ ನಡುವೆ ನಿಂತ ಎದೆಗೂಡುಗಳ ಸುದ್ದಿ ಅಷ್ಟು ದೊಡ್ಡದಾಗಲಿಲ್ಲ. ಅಲ್ಲಿ ಕೆಲಸ ಮಾಡೋರ ಸುತ್ತ ಬೆಂಚು ಹಾಕಿಲ್ಲ, ಚಪ್ಪಾಳೆಯೂ ಇಲ್ಲ. ಅವರಿಗೆ ಅದು ಸಂಬಳ. ಅವರ ಕೆಲಸಕ್ಕೆ ಇನ್ನೂ ಮಾರುಕಟ್ಟೆಯ ಬೆಲೆ ಇದೆ, ಅದೂ ಬಹಳ ಕಡಿಮೆ ಬೆಲೆ.

ಕೊನೆಗೆ, ವಿದೇಶಕ್ಕೆ ಓದೋಕೋ ಕೆಲಸಕ್ಕೋ ಹೋಗಿರೋ ಕೇಳುಗರಿಗೆ ಒಂದು ಮಾತು. ನಿಮ್ಮೂರಲ್ಲಿ ಇಂಥ ಸ್ಟುಡಿಯೋ ಇದ್ದರೆ ಹೋಗಿ ಕೂತ್ಕೊಳ್ಳಿ. ಮುಂದಿನ ಸಾಲು ಬೇಡ, ಸೆಕೆ ತಡೆಯೋಕಾಗಲ್ಲ. ಎಲ್ಲರೂ ಊದುವವರನ್ನೇ ನೋಡ್ತಿರ್ತಾರೆ. ನೀವು ಪಕ್ಕದಲ್ಲಿರೋ ಎರಡನೆಯವರನ್ನ ನೋಡಿ. ಬಾಗಿಲು ತೆರೆಯೋದು, ಮುಚ್ಚೋದು, ಮರದ ಹಲಗೆ ಅಡ್ಡ ಹಿಡಿದು ಗೆಳೆಯರ ಕೈಗೆ ಝಳ ಬಡಿಯದ ಹಾಗೆ ಮಾಡೋದು, ಮಾತಿಲ್ಲದೆ ಸರಿಯಾದ ಹೊತ್ತಿಗೆ ಕೊಳವೆಗೆ ಬಾಯಿಟ್ಟು ಊದೋದು. ಎಷ್ಟೋ ಸಲ ಊದೋದು ಮೇಸ್ತ್ರಿ ಅಲ್ಲ, ಇವರೇ. ಪಾತ್ರೆ ಸಿದ್ಧವಾದಾಗ ದಪ್ಪ ಕೈಗವಸು ಹಾಕಿಕೊಂಡು ಅದನ್ನ ಆರೋ ಒಲೆಗೆ ಹೊತ್ತು ಓಡೋದೂ ಇವರೇ.